ಮೀನೂಟದ ವಿಳಾಸ

"ಹೆಸರು ಹೇಳಿ ಆ ಕಡೆ ನಿಂತ್ಕೊಳ್ಳಿ, ಜಾಗ ಆದಾಗ ಕರೀತೀನಿ," ಎಂದ ಬಾಗಿಲಲ್ಲಿದ್ದವನು.

ಅವನು ಹೊಸಬ. ಮುದುಕ ಗಾನಿಮ್ ಯಾರೆಂದು ಅವನಿಗೆ ಗೊತ್ತಿರಲಿಲ್ಲ. ದೋಹಾದ ಪಕ್ಕದ ವಕ್ರಾದಲ್ಲಿ, ಈ ಓಣಿಯಲ್ಲಿ ಯೆಮನಿನ ಅಬೂ ಮರ್ವಾನ್ ಮೀನೂಟದ ಅಂಗಡಿ ತೆರೆದ ದಿನ ಮೊದಲ ತಟ್ಟೆಗೆ ಕೈಯಿಟ್ಟವನೇ ಗಾನಿಮ್. ಒಂದು ಕಾಲಕ್ಕೆ ಹಾಯಿದೋಣಿ ನಡೆಸುತ್ತಿದ್ದ ನಾಯಕ. ಊರವರು ಈಗಲೂ ನಖೂದಾ ಎಂದೇ ಕರೆಯುತ್ತಾರೆ. ಕಡಲಿಗೆ ಇಳಿಯುವುದನ್ನು ಬಿಟ್ಟ ಮೇಲೆ ತನ್ನಂಥ ಮುದುಕರ ಜೊತೆ ಅವನ ಮಧ್ಯಾಹ್ನದ ಊಟ ಇಲ್ಲೇ ಆಗುತ್ತಿತ್ತು. ಈಗ ಓಣಿಯ ತುದಿಯವರೆಗೂ ಜನ, ಕೊರಳಲ್ಲಿ ಯಾವ್ಯಾವುದೋ ಫುಟ್‌ಬಾಲ್ ತಂಡಗಳ ಶಾಲು.

ಮೊಮ್ಮಗಳು ಲುಲ್ವಾಳಿಗೆ ತಲೆಯೆತ್ತಲಾಗಲಿಲ್ಲ. ಈ ಜನರನ್ನು ಇಲ್ಲಿಗೆ ತಂದವಳು ಅವಳೇ. ಸ್ಟೇಡಿಯಂ ನೋಡಿ ಬಂದವರು ಊಟಕ್ಕೆ ಎಲ್ಲಿಗೆ ಹೋಗಬೇಕು ಎಂದು ಚಳಿಗಾಲದಲ್ಲಿ ಒಂದು ವಿಡಿಯೋ ಮಾಡಿ ಹಾಕಿದ್ದಳು. ಚಿಕ್ಕಂದಿನಲ್ಲಿ ಅಜ್ಜ ಕೈಹಿಡಿದು ಕರೆತರುತ್ತಿದ್ದ ಅಂಗಡಿ, ಒಲೆಯ ಒಳಗೋಡೆಗೆ ಅಂಟಿಸಿ ಸುಡುವ ಮೀನು, ತಟ್ಟೆಯಗಲದ ರೊಟ್ಟಿ, ಎಲ್ಲವನ್ನೂ ಪ್ರೀತಿಯಿಂದಲೇ ತೋರಿಸಿದ್ದಳು. ಅದನ್ನು ಎಷ್ಟು ಜನ ನೋಡಿದರೆಂಬುದು ಅವಳಿಗೆ ಹೆಮ್ಮೆಯ ಮಾತಾಗಿತ್ತು. ಅಜ್ಜ ಇಲ್ಲಿಗೆ ಬರುವುದನ್ನೇ ಬಿಟ್ಟಿದ್ದಾನೆ ಎಂಬುದು ಮಾತ್ರ ಮೊನ್ನೆಯಷ್ಟೇ ತಿಳಿಯಿತು. ಮನೆಯಲ್ಲಿ ಕೇಳಿದರೆ ಅಬೂ ಮರ್ವಾನನ ಹತ್ತಿರವೇ ಉಂಡೆ ಅನ್ನುತ್ತಿದ್ದ. ಕಣ್ಣಾರೆ ನೋಡೋಣವೆಂದು ಇವತ್ತು ಬಿಡದೆ ಹೊರಡಿಸಿಕೊಂಡು ಬಂದಿದ್ದಳು.

ಅಬೂ ಮರ್ವಾನ್ ಗಾಜಿನೊಳಗಿಂದ ಕಂಡು ಓಡಿಬಂದ. ಮೊದಲು ಲುಲ್ವಾಳಿಗೆ ಕೈಮುಗಿಯುವುದೊಂದೇ ಬಾಕಿ: ತಂಗಿ, ನಿನ್ನಿಂದ ನಮ್ಮ ಮನೆ ಬೆಳಗಿತು, ಪಕ್ಕದ ಮಳಿಗೆಯನ್ನೂ ತೆಗೆದುಕೊಂಡೆವು ಎಂದ. ಆಮೇಲೆ ಮುದುಕನ ಕಡೆ ತಿರುಗಿ ದನಿ ತಗ್ಗಿಸಿದ.

"ನಖೂದಾ, ಹಿಂದಿನ ಬಾಗಿಲಿಂದ ಬನ್ನಿ. ಅಡುಗೆಮನೇಲೇ ಒಂದು ಕುರ್ಚಿ ಹಾಕಿಸ್ತೀನಿ."

"ಯಾಕಪ್ಪಾ, ನಾನೇನು ನಿನ್ನ ಮೀನು ಕದಿಯೋಕೆ ಬಂದಿದೀನಾ ಹಿಂಬಾಗಿಲಿಂದ ಬರೋಕೆ?" ಗಾನಿಮ್ ನಕ್ಕು ಅವನ ಭುಜ ತಟ್ಟಿದ. "ನಿನ್ನ ಒಲೆ ಆರದೇ ಇರಲಿ. ಹೋಗು, ಜನ ಕಾಯ್ತಿದಾರೆ."

ಅಲ್ಲಿಂದ ಅಜ್ಜ ಅವಳನ್ನು ನೇರ ಮೀನುದೋಣಿಗಳು ನಿಲ್ಲುವ ಧಕ್ಕೆಗೆ ಕರೆದುಕೊಂಡು ಹೋದ. ಮಂಜುಗಡ್ಡೆ ಕೊಠಡಿಯ ಹಿಂದೆ, ಬಲೆಗಳ ರಾಶಿಯ ನೆರಳಿನಲ್ಲಿ ಬಂಗಾಳದ ಮೊಫಿಜುಲ್ ದೋಣಿಯವರಿಗೆಂದು ದೊಡ್ಡ ಬಾಣಲೆಯಲ್ಲಿ ಮೀನು ಕರಿಯುತ್ತಿದ್ದ. ಫಲಕವಿಲ್ಲ, ಮೇಜಿಲ್ಲ, ಕೂರಲು ಹಳೆಯ ದೋಣಿಯೊಂದರ ಹಲಗೆ. ಅವನು ಕೇಳದೆಯೇ ಒಂದು ಅಗಲ ತಟ್ಟೆಯಲ್ಲಿ ಅನ್ನ ಹಾಕಿ ಮೇಲೆ ಮೀನಿಟ್ಟು ತಂದ. ಉಳಿದ ಮುದುಕರು ಎಲ್ಲಿ ಎಂದು ಲುಲ್ವಾ ವಿಚಾರಿಸಿದಳು. ಇಷ್ಟು ದೂರ ನಡೆಯಲಾರದೆ ಮನೆಯಲ್ಲೇ ಉಣ್ಣುತ್ತಾರೆ, ಒಬ್ಬರನ್ನೊಬ್ಬರು ನೋಡಿಯೇ ಬಹಳ ದಿನವಾಯಿತು ಎಂದು ಅಜ್ಜ ಮೀನಿನ ಮುಳ್ಳು ಬಿಡಿಸುತ್ತಲೇ ಹೇಳಿದ. ಅವನ ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ.

ಮೊದಲ ತುತ್ತು ಬಾಯಿಗಿಟ್ಟಾಗ ರುಚಿಗೆ ಬೆರಗಾಗಿ, ರೂಢಿಬಲದಿಂದ ಫೋನಿಗೆ ಕೈ ಹಾಕಿದಳು. ಅಜ್ಜ ಅವಳ ಕೈಯನ್ನೇ ನೋಡಿದ. ಅವಳು ಫೋನನ್ನು ಚೀಲದ ತಳಕ್ಕೆ ತುರುಕಿದಳು.

ಆಗಲೇ ಬಲೆಗಳ ಆಚೆಯಿಂದ ಒಂದು ಸಂಸಾರ ಬಂತು. ಗಂಡ, ಹೆಂಡತಿ, ತಂಡದ ಅಂಗಿ ತೊಟ್ಟ ಇಬ್ಬರು ಪುಟ್ಟ ಹೆಣ್ಣುಮಕ್ಕಳು. ಗಂಡ ಮೊರಾಕ್ಕೊದ ಕಡೆಯ ಅರಬ್ಬಿಯಲ್ಲಿ ಸಲಾಂ ಹೇಳಿ, ಬೆಳಗ್ಗಿನಿಂದ ಸ್ಟೇಡಿಯಂ ಸುತ್ತಿದ್ದಾಯಿತು, ಯಾವುದೋ ವಿಡಿಯೋ ನೋಡಿ ಒಂದು ಅಂಗಡಿ ಹುಡುಕಿಕೊಂಡು ಹೋದರೆ ಅಲ್ಲಿ ಕಾಲಿಡಲು ಜಾಗವಿಲ್ಲ, ಮಕ್ಕಳು ಹಸಿದಿದ್ದಾರೆ ಎಂದ.

"ಇಲ್ಲಿ ವಾಸನೆ ಬಂತು. ಏನಾದ್ರೂ ಊಟ ಸಿಗುತ್ತಾ?"

ಅಜ್ಜ ಬಾಯಿ ತೆರೆಯುವ ಮೊದಲೇ ಲುಲ್ವಾ ಎದ್ದು ನಿಂತಳು.

"ಇದು ಅಂಗಡಿ ಅಲ್ಲಣ್ಣಾ. ದೋಣಿಯವ್ರು ತಮಗೇ ಅಂತ ಮಾಡ್ಕೊಳ್ಳೋದು. ದೊಡ್ಡ ರಸ್ತೆಗೆ ಹೋಗಿ, ಮಾಲ್ ಇದೆ, ಅಲ್ಲಿ ಎಲ್ಲಾ ಸಿಗುತ್ತೆ."

ಅವನು ಬಾಣಲೆಯನ್ನೊಮ್ಮೆ, ಮುದುಕನನ್ನೊಮ್ಮೆ ನೋಡಿದ. ಪರಸ್ಥಳದವರ ಮುಂದೆ ಮೊಮ್ಮಗಳನ್ನು ಸುಳ್ಳುಗಾತಿ ಮಾಡುವುದು ಗಾನಿಮ್‌ನಿಂದಾಗಲಿಲ್ಲ. ಹೆಂಡತಿ ಮಕ್ಕಳ ಕೈ ಹಿಡಿದು ಹೊರಟಳು. ಚಿಕ್ಕವಳು ತಟ್ಟೆಯ ಕಡೆಗೆ ತಿರುತಿರುಗಿ ನೋಡುತ್ತಾ ಹೋದಳು. ರಸ್ತೆಯಲ್ಲಿ ಒಂದು ಟ್ಯಾಕ್ಸಿ ನಿಂತು, ಅವರನ್ನು ಹತ್ತಿಸಿಕೊಂಡು ಹೊರಟುಹೋಯಿತು.

ಅದೇ ತಪ್ಪನ್ನು ಎರಡನೇ ಸಲ ಮಾಡಲಿಲ್ಲವಲ್ಲ ಎಂಬ ಸಮಾಧಾನದಲ್ಲಿ ಲುಲ್ವಾ ಅಜ್ಜನ ಮುಖ ನೋಡಿದಳು.

ಅವನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟಿದ್ದ.

"ಹಸಿದು ಬಂದಿದ್ರು, ಮಗಳೆ," ಎಂದ ಮೆಲ್ಲಗೆ.

ಆಗ ಅವಳು ಗಮನಿಸಿದಳು. ಅವರು ಬರುವುದನ್ನು ಕಂಡಾಗಲೇ ಅಜ್ಜ ಹಲಗೆಯ ತುದಿಗೆ ಸರಿದು, ತನ್ನ ಮುಂದಿದ್ದ ತಟ್ಟೆಯನ್ನು ನಡುವಿಗೆ ನೂಕಿ, ನಾಲ್ವರು ಕೂರುವಷ್ಟು ಜಾಗ ಬಿಟ್ಟಿದ್ದ.