ಹಾಲಮ್ಮನ ತಟ್ಟೆಯ ಒಂದು ತುತ್ತು

ಕೈಯಲ್ಲಿರುವ ಕೆಲಸ ಎರಡು ನಿಮಿಷ ಪಕ್ಕಕ್ಕಿಟ್ಟು ಓದಿ... ಆಮೇಲೆ ಬೈಯುವುದಿದ್ದರೆ ಬೈಯಿರಿ.

ದಾವಣಗೆರೆಯಲ್ಲಿ ಒಂದು ಕ್ಯಾನ್ಸರ್ ಜಾಗೃತಿ ಸಮ್ಮೇಳನ. ಡಾಕ್ಟರುಗಳು, ಕಾಯಿಲೆ ಗೆದ್ದು ಬಂದವರು, ಊರೂರಿನ ಸ್ವಯಂಸೇವಕರು... ಹಾಲ್ ತುಂಬಿತ್ತು.

ಹರಿಹರದ ಪ್ರಮೀಳಾ ಕೂಡ ಬಂದಿದ್ದಳು. ಟೈಲರಿಂಗ್ ಕ್ಲಾಸ್ ನಡೆಸುವವಳು. ಬಿಡುವಾದಾಗ ಮನೆಮನೆಗೆ ಹೋಗಿ, "ಒಂದ್ಸಲ ಟೆಸ್ಟ್ ಮಾಡಿಸ್ಕೊಳ್ರಿ" ಎಂದು ಹೆಂಗಸರ ಬೆನ್ನು ಹತ್ತುವ ಸ್ವಯಂಸೇವಕಿ.

ಮುಖ ನೋಡಿದರೆ ಸಾಕು, ಯಾರು ಎಂಥವರು ಅಂತ ಹೇಳಿಬಿಡುತ್ತೇನೆ ಎಂಬ ಹಮ್ಮು ಬೇರೆ ಅವಳಿಗೆ!

ಅವಳ ಜೊತೆ ಓಣಿಯ ಹುಡುಗಿಯೊಬ್ಬಳು ಬಂದಿದ್ದಳು. ಅವಳ ಕ್ಯಾನ್ಸರ್ ಚಿಕಿತ್ಸೆ ಮುಗಿದು ಎಂಟು ತಿಂಗಳಾಗಿತ್ತು. ನೆಂಟರಿಷ್ಟರಿಗೆ ಇನ್ನೂ ವಿಷಯ ಗೊತ್ತಿರಲಿಲ್ಲ.

"ಆಂಟಿ, ನನ್ನ ಫೋಟೋ ಎಲ್ಲೂ ಬರಲ್ಲ ತಾನೆ?"

"ನಾನಿಲ್ವೇನೇ? ಯಾವನು ತೆಗೀತಾನೆ ನೋಡೇಬಿಡ್ತೀನಿ, ಬಾ."

ಮಾತು ಕೊಟ್ಟಾಗಿತ್ತು. ಹಾಗಾಗಿ ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಫೋನ್ ಹೊರತೆಗೆದಾಗ ಪ್ರಮೀಳಾಳ ಕಣ್ಣು ಅಲ್ಲೇ ನೆಟ್ಟಿತು...

ಅಜ್ಜಿ ಎದ್ದು ನಿಂತು ಕೇಳಿದಳು. "ಡಾಕ್ಟ್ರೆ, ಈ ಕಾಯಿಲೆ ಮುಟ್ಟಿದ್ರೆ ಅಂಟ್ಕೊಂತೈತೇನ್ರಿ?"

"ಇಲ್ಲಮ್ಮ, ಇದು ಅಂಟುವ ಕಾಯಿಲೆಯೇ ಅಲ್ಲ" ಎಂದರು ಡಾಕ್ಟರು. ಅಜ್ಜಿ ಫೋನಿನಲ್ಲಿ ಏನೋ ಒತ್ತಿ, ಸೆರಗಿನಡಿ ಇಟ್ಟುಕೊಂಡಳು.

ಚಹಾ ಆದ ಮೇಲೆ ಇನ್ನೊಬ್ಬ ಡಾಕ್ಟರು ಮಾತಾಡಿದರು. ಅದೇ ಅಜ್ಜಿ... ಅದೇ ಪ್ರಶ್ನೆ... ಕೈಯಲ್ಲಿ ಅದೇ ಫೋನ್!

ಮೂರನೆಯವರಿಗೂ ಅದನ್ನೇ ಕೇಳಿದಾಗ ಪ್ರಮೀಳಾಗೆ ಅನುಮಾನ ಗಟ್ಟಿಯಾಯಿತು.

'ಒಂದೇ ಪ್ರಶ್ನೆ ಮೂರು ಸಲ ಯಾರಾದರೂ ಕೇಳ್ತಾರಾ? ಯಾವುದೋ ಯೂಟ್ಯೂಬ್ ಚಾನೆಲ್‌ನವರು ಕಳಿಸಿರಬೇಕು. ಅಜ್ಜಿಯಾದ್ರೆ ಯಾರೂ ಅನುಮಾನ ಪಡಲ್ಲ ಅಂತ! ನಾಳೆ ಈ ಹುಡುಗಿ ಮುಖ ಊರ ತುಂಬಾ ಓಡಾಡಿದರೆ, ಅವಳ ಮನೆಯವರಿಗೆ ನಾನು ಏನು ಹೇಳಲಿ?'

ಊಟದ ಹೊತ್ತು. ಎಲ್ಲರೂ ಗುಂಪುಗುಂಪಾಗಿ ಕೂತಿದ್ದರೆ, ಅಜ್ಜಿ ಮಾತ್ರ ತಟ್ಟೆ ಹಿಡಿದು ಕಂಬದ ಹಿಂದೆ ಹೋದಳು. ಗೋಡೆಗೆ ಮುಖ ಮಾಡಿ ಕೂತು, ಫೋನ್ ಕಿವಿಗೆ ಹಿಡಿದಳು.

ಸಿಕ್ಕಿಬಿದ್ದಳು ಕಳ್ಳಿ! ಪ್ರಮೀಳಾ ಸರಸರನೆ ಹೋಗಿ ಎದುರಿಗೆ ನಿಂತಳು.

"ಯಾರಿಗೆ ಕಳಿಸ್ತಿದ್ದೀರಿ ಅದನ್ನ? ಫೋನ್ ಕೊಡಿ ಇಲ್ಲಿ."

ಅಜ್ಜಿ ಬೆದರಿ ಕೊಟ್ಟುಬಿಟ್ಟಳು.

ಪ್ರಮೀಳಾ ವಿಡಿಯೋ ಒಂದೊಂದಾಗಿ ನೋಡಿದಳು. ಒಂದರಲ್ಲೂ ಯಾರ ಮುಖವೂ ಇಲ್ಲ! ಅಜ್ಜಿಯ ಸೀರೆ, ಮೇಲಿನ ಫ್ಯಾನು... ಅಷ್ಟೇ. ಧ್ವನಿ ಮಾತ್ರ ಸ್ಪಷ್ಟ.

"ಇದು ಅಂಟುವ ಕಾಯಿಲೆಯೇ ಅಲ್ಲ..."

"ಧಾರಾಳವಾಗಿ ಮುಟ್ಟಬಹುದು, ಅಪ್ಪಿಕೊಳ್ಳಬಹುದು..."

"ಸೊಸಿಗೆ ಕೇಳಿಸಾಕ ಕಣವ್ವ" ಎಂದಳು ಅಜ್ಜಿ ತಗ್ಗಿದ ದನಿಯಲ್ಲಿ. ಅವಳ ಹೆಸರು ಹಾಲಮ್ಮ.

"ನಂಗ ಎದಿಯಾಗ ಗಡ್ಡಿ ಆಗಿತ್ತು. ಎಲ್ಲಾ ವಾಸಿಯಾಗಿ ವರ್ಷ ಆತು. ಮೊಮ್ಮಗ ಹುಟ್ಟಿ ಮೂರು ತಿಂಗ್ಳು... ಇನ್ನೂ ಎತ್ಕೊಂಡಿಲ್ಲ. ಮನಿಯಾಗ ನನ್ನ ತಟ್ಟಿ ಬ್ಯಾರೆ, ಲೋಟ ಬ್ಯಾರೆ."

ಪ್ರಮೀಳಾ ವಿಡಿಯೋ ನಿಲ್ಲಿಸಿದಳು.

"ಸೊಸಿ ಕೆಟ್ಟಾಕಿ ಅಲ್ಲ ಮತ್ತ! ಎರಡು ಸಲ ಬಸುರು ಹೋಗಿ, ಮೂರನೇದು ಉಳದೈತಿ. ಅದ್ಕ ಹೆದರ್ತಾಳ. 'ಡಾಕ್ಟ್ರು ಬಾಯಾಗ ಹೇಳ್ತಾರ, ನಿಮ್ಮ ಎಂಜಲು ಉಣ್ತಾರೇನು?' ಅಂತಾಳ. ಒಬ್ರಲ್ಲ, ಮೂರು ಮಂದಿ ಹೇಳಿದ್ರ ನಂಬ್ತಾಳೇನೋ ಅಂತ..."

ಈ ಮಾತು ಪ್ರಮೀಳಾಳ ಎದೆಗೆ ನಾಟಿತು.

ಎರಡು ವರ್ಷದಿಂದ "ಇದು ಅಂಟಲ್ಲ ಕಣ್ರೀ" ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವಳು ಅವಳು. ಆದರೆ ರೋಗಿಗಳ ಮನೆಯಲ್ಲಿ ನೀರು ಕೊಟ್ಟರೆ, "ಈಗಷ್ಟೇ ಕುಡಿದು ಬಂದೆ" ಎಂದು ಜಾರಿಕೊಳ್ಳುತ್ತಿದ್ದಳು. ಒಂದೇ ಒಂದು ಮನೆಯಲ್ಲೂ ಲೋಟ ಮುಟ್ಟಿರಲಿಲ್ಲ.

ಛೇ... ಆ ಸೊಸೆಗೂ ನನಗೂ ಏನು ವ್ಯತ್ಯಾಸ ಎನ್ನಿಸಿ ನಾಚಿಕೆಯಾಯಿತು.

ಓಣಿಯ ಹುಡುಗಿಯನ್ನು ಕರೆದು ಅಜ್ಜಿಯ ಫೋನ್ ಕೈಗಿಟ್ಟಳು. "ವಿಡಿಯೋ ಮಾಡೇ... ನನ್ನ ಮುಖ ಸರಿಯಾಗಿ ಬರಲಿ."

ಹಾಲಮ್ಮನ ಪಕ್ಕ ನೆಲದ ಮೇಲೆ ಕೂತಳು. ಅಜ್ಜಿ ಅರ್ಧ ಉಂಡಿದ್ದ ತಟ್ಟೆಗೆ ಕೈ ಹಾಕಿದಳು.

"ಅಯ್ಯ, ಎಂಜಲವ್ವ... ಬ್ಯಾಡ!" ಹಾಲಮ್ಮ ತಟ್ಟೆ ಎಳೆದುಕೊಂಡಳು.

ಪ್ರಮೀಳಾ ಬಿಡಲಿಲ್ಲ. ಹೆತ್ತ ತಾಯಿಯ ಎಂಜಲನ್ನೂ ಮುಟ್ಟದವಳು, ಆ ತಟ್ಟೆಯಿಂದ ಅನ್ನ ಸಾರು ಕಲಸಿ ಬಾಯಿಗಿಟ್ಟುಕೊಂಡಳು. ಅಜ್ಜಿ ಕುಡಿದಿಟ್ಟ ಲೋಟದಲ್ಲೇ ನೀರು ಕುಡಿದಳು.

ಆಮೇಲೆ ಫೋನಿನತ್ತ ನೋಡುತ್ತಾ ಸೊಸೆಗೆ ಹೇಳಿದಳು. "ನೋಡಮ್ಮ ತಂಗಿ... ನನಗೂ ಮಕ್ಕಳಿದ್ದಾರೆ. ನನ್ನ ನಂಬರ್ ನಿಮ್ಮ ಅತ್ತೆ ಹತ್ರ ಕೊಟ್ಟಿರ್ತೀನಿ. ದಿನಾ ಫೋನ್ ಮಾಡಿ ಕೇಳು, ನಾನು ಹುಷಾರಾಗಿದ್ದೀನಾ ಅಂತ."

ಹಾಲಮ್ಮ ಸೆರಗು ಬಾಯಿಗೊತ್ತಿಕೊಂಡು ಗಳಗಳನೆ ಅತ್ತಳು. ಗುಣವಾದ ಮೇಲೆ ಅವಳ ಜೊತೆ ಯಾರೂ ಒಂದೇ ತಟ್ಟೆಯಲ್ಲಿ ಉಂಡಿರಲಿಲ್ಲ...

ಸೊಸೆಯೂ ಕಡಿಮೆಯವಳಲ್ಲ. ಮರುದಿನವೇ ಫೋನ್ ಮಾಡಿದಳು!

"ಹುಷಾರಿದ್ದೀರಾ ಅಕ್ಕಾ? ಜ್ವರ ಗಿರ ಏನೂ ಇಲ್ವಾ?"

"ಗಟ್ಟಿಮುಟ್ಟಾಗಿದ್ದೀನಮ್ಮ."

ಮೂರನೇ ದಿನ... ಐದನೇ ದಿನ... ಅದೇ ಪ್ರಶ್ನೆ. "ನಿಜ ಹೇಳಿ ಅಕ್ಕಾ, ಆಮೇಲೆ ಮಾತ್ರೆ ಏನಾದ್ರೂ ತಗೊಂಡ್ರಾ?" ಎಂದೂ ಕೇಳಿದಳು. ಪ್ರಮೀಳಾ ಒಂದು ದಿನವೂ ರೇಗಲಿಲ್ಲ.

ಒಂಬತ್ತನೇ ದಿನ ಫೋನ್ ಬಂತು. ಸೊಸೆ ಏನೂ ಕೇಳಲಿಲ್ಲ.

ಆ ಕಡೆಯಿಂದ ಮಗುವಿನ ಅಳು... ಅದರ ಹಿಂದೆಯೇ "ಜೋ ಜೋ ನನ್ನಪ್ಪ..." ಎನ್ನುವ ಮುದಿ ದನಿ. ಅಳು ನಿಂತಿತು.

"ಕೇಳಿಸ್ತಾ ಅಕ್ಕಾ?" ಎಂದಳು ಸೊಸೆ. "ಅತ್ತೆ ಎತ್ಕೊಂಡಿದ್ದಾರೆ... ನಾನೇ ಕೊಟ್ಟೆ."

*ರೋಗ ಅಂಟುವುದಿಲ್ಲ ಎಂದು ಹೇಳಿದರೆ ಸಾಲದು, ಜೊತೆಗೆ ಕೂತು ಉಂಡಾಗಲೇ ಆ ಮಾತನ್ನು ಜನ ನಂಬುತ್ತಾರೆ.*

ನಿಮ್ಮ ಮನೆಯಲ್ಲಿ, ನಿಮ್ಮ ಓಣಿಯಲ್ಲಿ ಯಾರ ಲೋಟ ಬೇರೆ ಇಟ್ಟಿದ್ದಾರೆ... ಇವತ್ತು ಒಮ್ಮೆ ನೋಡುತ್ತೀರಾ?