ಬೆಣ್ಣೆಯಿಲ್ಲದ ಕೆನ್ನೆ

ನಾಯಿ ಪಳಗಿಸುವವನು ಆಚೆ ತಿರುಗಿದ್ದೇ ತಡ, ಅವನು ಕೆನ್ನೆಗೆ ಸವರಿಹೋಗಿದ್ದ ಬೆಣ್ಣೆಯನ್ನು ಹುಡುಗಿ ಫ್ರಾಕಿನ ಅಂಚಿಗೆ ತಿಕ್ಕಿ ಒರೆಸಿಬಿಟ್ಟಳು. ಮನೆಮಂದಿಯೆಲ್ಲ ಕೂತು ನಗಬೇಕಾದ ಆ ಸಿನಿಮಾದಲ್ಲಿ ನಟಿಸುತ್ತಿದ್ದ ಅವಳಿಗೆ ಹತ್ತು ದಿನದಿಂದ ನಗುವೇ ಬರುತ್ತಿರಲಿಲ್ಲ. ಶಾಟ್ ಶುರುವಾದರೆ ಸಾಕು, ಓಡಿಬಂದು ಮುಖ ನೆಕ್ಕುವ ಈ ಕಂದು ನಾಯಿಗೆ ಬೇಕಾಗಿರುವುದು ತಾನೋ, ಬೆಣ್ಣೆಯೋ?

"ಕಳೆದುಹೋದ ನಾಯಿ ಸಿಕ್ತು ಅಂತ ಗಟ್ಟಿಯಾಗಿ ತಬ್ಕೋಬೇಕು ಪುಟ್ಟಿ," ಎಂದರು ನಿರ್ದೇಶಕರು. "ಆಕ್ಷನ್!"

ನಾಯಿ ಓಡಿ ಬಂದು ಗಕ್ಕನೆ ನಿಂತಿತು. ಈ ಕೆನ್ನೆ ಮೂಸಿತು, ಆ ಕೆನ್ನೆ ಮೂಸಿತು. 'ನಂಗೊತ್ತಿತ್ತು ಕಳ್ಳಾ' ಎಂದುಕೊಂಡ ಹುಡುಗಿ ತಬ್ಬಿಕೊಳ್ಳುವುದನ್ನು ಮರೆತು ಅದನ್ನೇ ದುರುಗುಟ್ಟಿ ನೋಡಿದಳು. ಅಷ್ಟರಲ್ಲಿ ಅದು ಬಾಲ ಬೀಸುತ್ತಾ, ಬೆಣ್ಣೆಯ ಸೋಂಕೇ ಇಲ್ಲದ ಹಣೆ, ಮೂಗು, ರೆಪ್ಪೆ ಒಂದನ್ನೂ ಬಿಡದೆ ನೆಕ್ಕತೊಡಗಿತು. ಹುಡುಗಿ ಕಿಲಕಿಲನೆ ನಕ್ಕು ಅದನ್ನು ಬಾಚಿ ತಬ್ಬಿಕೊಂಡಳು.

"ಕಟ್! ಸೂಪರ್!"

ಎಂದಿನಂತೆ ಅಮ್ಮ ಚಾಕಲೇಟು ಹಿಡಿದು ಬಂದಳು. ಮೊದಲ ದಿನ ನಾಯಿಗೆ ಹೆದರಿ ಹುಡುಗಿ ಅತ್ತಾಗ ಆದ ಒಪ್ಪಂದವದು: ಒಂದು ಸಲ ತಬ್ಬಿಕೊಂಡರೆ ಒಂದು ಚಾಕಲೇಟು.

"ತಗೋ ಚಿನ್ನ, ಇವತ್ತು ಎರಡು."

ಹುಡುಗಿ ಕೈ ಚಾಚಿದಳು. ನಾಯಿ ಚಾಕಲೇಟು ನೋಡಿತು. ಆಮೇಲೆ ಅವಳ ಮುಖ ನೋಡಿತು. ಚಾಚಿದ ಕೈ ಸರ್ರನೆ ಬೆನ್ನ ಹಿಂದೆ ಹೋಯಿತು.

"ಯಾಕೆ, ಬೇಡ್ವಾ?"

"ಒಳಗಿಡಮ್ಮ," ಹುಡುಗಿ ಪಿಸುಗುಟ್ಟಿದಳು. "ಅದು ನೋಡ್ತಾ ಇದೆ."