ಬೆನ್ನು ಕೊಟ್ಟು ಕೂತ ಮಗು

ಚಿಕ್ಕಂದಿನಲ್ಲಿ ಮಂಚದಡಿ ಅಡಗಿ ಕೂತಾಗ ಮೂಗಿಗೆ ಬಡಿಯುತ್ತಿದ್ದ ಫಿನಾಯಿಲ್ ವಾಸನೆಯೇ ಈಗಲೂ ಒದ್ದೆ ನೆಲದಿಂದ ಏಳುತ್ತಿತ್ತು. ಆಗ ಬೇಸರವಾದರೆ ಹೊರಗೆ ಬಂದುಬಿಡಬಹುದಿತ್ತು. ಈಗ ಅವಳು ತುಂಬು ಗರ್ಭಿಣಿ. ಅಂಗೈ, ಮಂಡಿ ಊರಿ ನೆಲ ಒರೆಸುತ್ತಿದ್ದವಳ ಮುಂದೆ ಅತ್ತೆಯ ಪಾದಗಳು ಬಂದು ನಿಂತವು. “ಮತ್ತೆ ಶುರು ಮಾಡಿದ್ಯಾ? ಬಸುರಿ ಕೈಲಿ ನೆಲ ಒರೆಸಿಸ್ತಾಳೆ ಅಂತ ನೋಡಿದೋರು ನನಗೆ ಉಗೀತಾರೆ. ಏಳು, ಆರಾಮ ಕುರ್ಚೀಲಿ ಒರಗಿಕೋ.”

ವಾರದಿಂದ ಇದೇ. ಅತ್ತೆ ಪ್ರೀತಿಯಿಂದಲೇ ಒರೆಸುವ ಬಟ್ಟೆ ಕಿತ್ತುಕೊಂಡು, ದಿಂಬಿಟ್ಟು ಒರಗಿಸುತ್ತಿದ್ದರು. ಒರಗಿದಷ್ಟೂ ಸೊಂಟ ಸೀಳಿದಂತಾಗುತ್ತಿತ್ತು. ಅಷ್ಟು ಅಕ್ಕರೆಗೆ ಬೇಡವೆನ್ನಲು ಅವಳಿಗೆ ಬಾಯಿ ಬರುತ್ತಿರಲಿಲ್ಲ. ಇವತ್ತು ಮಾತ್ರ ಏಳಲಿಲ್ಲ. “ಇದು ಕೆಲಸ ಅಲ್ಲ ಅತ್ತೆ. ಮಗು ನನ್ನ ಬೆನ್ನಿಗೆ ಬೆನ್ನು ಕೊಟ್ಟು ಕೂತಿದೆ. ಹೀಗೆ ಬಗ್ಗಿದ್ರೆ ನೋವು ಕಮ್ಮಿಯಾಗುತ್ತೆ, ಮಗು ತಿರುಗಿದ್ರೂ ತಿರುಗಬಹುದು ಅಂದ್ರು ನರ್ಸು. ಆ ಕುರ್ಚೀಲಿ ಕೂರೋಕೆ ನನ್ನ ಕೈಲಿ ಆಗಲ್ಲ.” ಹೇಳುತ್ತಲೇ ಅತ್ತುಬಿಟ್ಟಳು.

“ನಿನ್ನ ಗಂಡನೂ ಹೊಟ್ಟೇಲಿ ಹೀಗೇ ಕೂತಿದ್ದ. ಎರಡು ದಿನ ನೋವು ತಿಂದೆ. ಹೀಗೆ ಬಗ್ಗು ಅಂತ ನನಗೆ ಒಬ್ಬರೂ ಹೇಳಲಿಲ್ಲ ಕಣೇ,” ಎಂದರು ಅತ್ತೆ. ಆಮೇಲೆ, “ಈಗಲೂ ಅಷ್ಟೇ, ಏನಾದ್ರೂ ಕೆಲಸ ಹೇಳಿದ್ರೆ ಬೆನ್ನು ತಿರುಗಿಸ್ತಾನೆ.”

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಅಡುಗೆಮನೆಗೆ ಹೋದ ಅತ್ತೆ ಊಟದ ತಟ್ಟೆ ಹಿಡಿದು ಬಂದರು. ಏಳು ಎನ್ನಲಿಲ್ಲ. ಗೋಡೆ ಹಿಡಿದು, ಉಸ್ಸೆಂದು ಅವಳ ಪಕ್ಕ ನೆಲಕ್ಕೇ ಕೂತು, ಮೊದಲ ತುತ್ತನ್ನು ಬಾಯಿಯ ಹತ್ತಿರ ಹಿಡಿದರು.